ಅಟ್ಟ ಹತ್ತಿದ ಪಾಸ್‌ವರ್ಡ್

ಇಮೇಲ್ ಖಾತೆ ಕಾಪಾಡಿಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ತಲೆ ಇರಬೇಕು, ಅಷ್ಟೇ. ನನಗಿದೆ ಎಂದೇ ನಾನು ನಂಬಿದ್ದೆ.

ಕಿಬ್ಬನಹಳ್ಳಿ ಪಕ್ಕದ ನಮ್ಮೂರಲ್ಲಿ ನಾನು ಹಾಲಿನ ಸೊಸೈಟಿ ಕಾರ್ಯದರ್ಶಿ. ಪಕ್ಕದ ಮನೆಯ ತಿಮ್ಮೇಗೌಡನ ಇಮೇಲಿಗೆ ಯಾವನೋ ಹ್ಯಾಕರ್ ನುಗ್ಗಿ, ಅವನ ಬೋಳುತಲೆಯ ಬೀಗರಿಗೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಕಳಿಸಿಬಿಟ್ಟ. ಬೀಗರು ಮಾತು ಬಿಟ್ಟರು!

ಅಂದೇ ನಾನು ಯುದ್ಧಸನ್ನದ್ಧನಾದೆ. ಪಾಸ್‌ವರ್ಡ್ ಬದಲಾಯಿಸಿದೆ. ಮೊಬೈಲಿನಿಂದ ಖಾತೆಯನ್ನೇ ತೆಗೆದೆ. ಖಾತೆಯಲ್ಲಿದ್ದ ನನ್ನ ಫೋನ್ ನಂಬರನ್ನೂ ಅಳಿಸಿದೆ. ಕಳ್ಳರಿಗೆ ನನ್ನ ನಂಬರ್ ಯಾಕೆ ಸಿಗಬೇಕು? ಇನ್ನು ಹೊಸ ಪಾಸ್‌ವರ್ಡ್ ಬರೆದಿಡುವುದೆಲ್ಲಿ? ಚೀಟಿಯಾದರೆ ಯಾರಾದರೂ ನೋಡುತ್ತಾರೆ. ತಲೆ ಎತ್ತಿದೆ. ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಸಾವಿರಾರು ಕಾಯಿ, ಸಿಪ್ಪೆ ಸಮೇತ. ವರ್ಷ ತುಂಬುವ ತನಕ ಯಾರೂ ಮುಟ್ಟುವುದಿಲ್ಲ. ಒಂದು ಕಾಯಿಯ ಮೇಲೆ ಮಾರ್ಕರಿನಲ್ಲಿ ಬರೆದು ರಾಶಿಯೊಳಗೆ ತೂರಿಸಿದೆ. ಸಾಲದೆಂಬಂತೆ, ಕಳ್ಳನ ದಾರಿ ತಪ್ಪಿಸಲು ಇನ್ನೂ ನಾಲ್ಕು ಕಾಯಿಗಳ ಮೇಲೆ ಸುಳ್ಳು ಪಾಸ್‌ವರ್ಡ್ ಬರೆದೆ. ಎಂಥ ಬುದ್ಧಿ!

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಹೆಂಡತಿ ಜಯಮ್ಮ ಫೋನ್ ಹಿಡಿದು ಓಡಿಬಂದಳು.

"ರೀ, ಬೆಂಗ್ಳೂರು ಮೇಳದಲ್ಲಿ ನನ್ ಕೊಬ್ಬರಿ ಮಿಠಾಯಿಗೆ ಅಂಗ್ಡಿ ಸಿಕ್ಕೈತಂತೆ! ನಿಮ್ ಇಮೇಲಿಗೆ ಕಾಗ್ದ ಹಾಕವ್ರಂತೆ. ಇವತ್ತು ಸಂಜೆ ಐದು ಗಂಟೆ ಒಳ್ಗೆ ಒಪ್ಗೆ ಕಳಿಸ್ದಿದ್ರೆ ಬೇರೆಯವ್ರಿಗೆ ಕೊಡ್ತಾರಂತೆ. ಬೇಗ ತೆಗೀರಿ!"

ಹತ್ತು ವರ್ಷದಿಂದ ಊರವರ ಮದುವೆ, ನಾಮಕರಣಕ್ಕೆಲ್ಲ ಮಿಠಾಯಿ ಮಾಡಿಕೊಟ್ಟ ಹೆಂಗಸು. ಅವಳ ಹೆಸರಿನಲ್ಲಿ ಮೊಟ್ಟಮೊದಲ ಅಂಗಡಿ. ನನಗೋ ಪಾಸ್‌ವರ್ಡ್ ನೆನಪಿಲ್ಲ! ಒಂದೇ ದಿನ ಐದು ಹುಟ್ಟಿಸಿದ್ದರಿಂದ ಐದೂ ಕಲಸಿಹೋಗಿದ್ದವು.

"ಎಲ್ಲಿ ಬರ್ದಿಟ್ಟಿದ್ದೀರಾ?"

"ಅಟ್ಟದ ಮೇಲೆ."

"ಯಾತರ ಮೇಲೆ?"

"ಕಾಯಿ ಮೇಲೆ."

ಜಯಮ್ಮ ಅಟ್ಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನಿಮ್ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದವಳೇ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಗಲಾಟೆ ಕೇಳಿ ತಿಮ್ಮೇಗೌಡನೂ ಬಂದು ಹತ್ತಿದ. ದಬದಬ ಕಾಯಿ ಉದುರತೊಡಗಿದವು. ನಾನು ಕಂಪ್ಯೂಟರ್ ಮುಂದೆ ಗಂಭೀರವಾಗಿ ಕೂತೆ.

"ಸಿಕ್ತು ಕಣ್ಲಾ ಸಿದ್ದಪ್ಪ! ಗರುಡ ಎಪ್ಪತ್ತೇಳು!" ತಿಮ್ಮೇಗೌಡ ಇಡೀ ಬೀದಿಗೆ ಕೇಳುವಂತೆ ಕೂಗಿದ.

ಒತ್ತಿದೆ. ತಪ್ಪು! ಅರ್ಧ ಗಂಟೆಗೆ ಇನ್ನೊಂದು ಸಿಕ್ಕಿತು. ತಪ್ಪು! ಮತ್ತೊಂದು. ಅದೂ ತಪ್ಪು! ಇನ್ನೊಮ್ಮೆ ತಪ್ಪಿದರೆ ನಾಳೆಯವರೆಗೆ ಖಾತೆ ಬಂದ್ ಎಂದು ಕಂಪ್ಯೂಟರ್ ಕಟ್ಟಪ್ಪಣೆ ಮಾಡಿತು. ಕೊನೆಯ ಎರಡು ಕಾಯಿ ಕೈಗೆ ಬಂದಾಗ ಗಂಟೆ ನಾಲ್ಕೂ ಮುಕ್ಕಾಲು. ಜಯಮ್ಮನ ಕಣ್ಣಲ್ಲಿ ನೀರಾಡುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ನಿಜವಾದ್ದುಕ್ಕೆ ಒಂದ್ ಗುರ್ತಾದ್ರೂ ಹಾಕ್ಬಾರ್ದಾಗಿತ್ತೇನ್ಲಾ?" ಎಂದ ತಿಮ್ಮೇಗೌಡ.

"ಗುರ್ತು ಹಾಕಿದ್ರೆ ಕಳ್ಳನಿಗೆ ಗೊತ್ತಾಗಲ್ವೇನ್ಲಾ?"

ಒಂದರ ಮೇಲೆ 'ಹುಣಸೆಮರ 40' ಎಂದಿತ್ತು. ಇನ್ನೊಂದರ ಮೇಲೆ 'ಮಹಾರಾಜ ಸಿದ್ದಪ್ಪ 1'. ಜಯಮ್ಮ ಅರೆಗಳಿಗೆಯೂ ಯೋಚಿಸಲಿಲ್ಲ.

"ಮಹಾರಾಜಂದೇ ಒತ್ತಿ. ಸುಳ್ಳು ಪಾಸ್‌ವರ್ಡಿಗೆಲ್ಲ ನೀವು ನಿಮ್ ಹೆಸ್ರು ದಂಡ ಮಾಡೋರಲ್ಲ."

ತೆರೆಯಿತು! ನನ್ನನ್ನು ಪಕ್ಕಕ್ಕೆ ಸರಿಸಿ ಅವಳೇ ಒಪ್ಪಿಗೆ ಕಳಿಸಿದಳು. ಐದಕ್ಕೆ ಎಂಟು ನಿಮಿಷವಿತ್ತು. ಎದ್ದೇಳುವ ಮೊದಲು ಪಾಸ್‌ವರ್ಡನ್ನೂ ಬದಲಾಯಿಸಿದಳು.

"ಏನಂತ ಇಟ್ಟೆ ಕಣೇ?"

"ನಿಮಗ್ ಮಾತ್ರ ಹೇಳಲ್ಲ. ಹಳೇದು ಹ್ಯಾಕರ್ ಕೈಗೆ ಸಿಕ್ಕಿದ್ದಿದ್ರೆ ಅವ್ನಾದ್ರೂ ಟೈಮಿಗೆ ಸರ್ಯಾಗಿ ಒಪ್ಗೆ ಕಳಿಸ್ತಿದ್ದ!"

ಕೆಳಗೆ ಬಿದ್ದ ಕಾಯಿಗಳನ್ನೆಲ್ಲ ಮತ್ತೆ ಅಟ್ಟಕ್ಕೆ ಸಾಗಿಸಲು ನನಗೆ ಮೂರು ದಿನ ಹಿಡಿಯಿತು. ಈಗ ನನ್ನ ಖಾತೆ ಅತ್ಯಂತ ಭದ್ರವಾಗಿದೆ. ನನಗೆ ಬರುವ ಪತ್ರಗಳನ್ನು ಜಯಮ್ಮನೇ ಓದಿ, ನನಗೆ ತಿಳಿಯಬೇಕಾದದ್ದು ಇದ್ದರೆ ಹೇಳುತ್ತಾಳೆ. ಇದುವರೆಗೂ ಅಂಥದ್ದೇನೂ ಬಂದಿಲ್ಲವಂತೆ!