ಮುಚ್ಚಳ ಉಬ್ಬಿದ ಸೀಸೆ

ಮರ್ದಾನಸಾಬ ಫ್ರಿಜ್ಜಿನೊಳಗೆ ಮೊಳಕೈವರೆಗೆ ಕೈ ತೂರಿಸಿ ಪಿಜ್ಜಾ ಸಾಸಿನ ಸೀಸೆ ಹುಡುಕುತ್ತಿದ್ದ. ಎದುರು ಮನೆ ಮೋತಿಬಿಯ ಹಾಲು, ಯಾರದೋ ಕಲಸಿದ ಹಿಟ್ಟು, ಪಕ್ಕದ ಮನೆ ಅಮೃತವ್ವನ ಮಲ್ಲಿಗೆ ಮಾಲೆಗಳು ಒಂದೊಂದಾಗಿ ಹೊರಬಂದವು. ಓಣಿಗೆಲ್ಲ ಅವನದೊಂದೇ ಫ್ರಿಜ್ಜು. ಬಸ್‌ ಸ್ಟ್ಯಾಂಡಿನ ಹಾಗೆ ಎಲ್ಲರ ಗಂಟೂ ಅಲ್ಲೇ.

'ಇನ್ನು ಕೀಲಿ ಹಾಕುತ್ತೇನೆ, ನಿಮ್ಮ ಸಾಮಾನು ಒಯ್ಯಿರಿ' ಎಂದು ಅಮೃತವ್ವನ ಎದುರು ನಿಂತು ಹೇಳುವ ಧೈರ್ಯ ಅವನಿಗಿರಲಿಲ್ಲ. ಅದನ್ನೇ ಪತ್ರದಲ್ಲಿ ಬರೆದು, ಟಿಕೀಟು ಹಚ್ಚಿ, ಎಂಟು ತಿಂಗಳಿಂದ ಗೂಟಕ್ಕೆ ನೇತುಹಾಕಿದ ಅಂಗಿಯ ಕಿಸೆಯಲ್ಲಿಟ್ಟಿದ್ದ. ನಡುವೆ ಇರುವುದು ಒಂದೇ ಗೋಡೆ. ಆದರೂ ಅಂಚೆಯವನು ಕೊಟ್ಟರೆ ಮುಖ ನೋಡುವುದು ತಪ್ಪುತ್ತದಲ್ಲ!

ಅಂತೂ ಸೀಸೆ ಸಿಕ್ಕಿತು. ಹೊರಗೆ ಅವನ ಬೇಕರಿಯ ಬಾಕಿನ ಮೇಲೆ ಶಾಲೆಯ ಹೆಡ್ ಅಕ್ಕೋರು ಜೈಬುನ್ನೀಸಾ ಕಾದಿದ್ದರು. ಗದಗ ಜಿಲ್ಲೆಯಾಗಿ ಹತ್ತು ವರ್ಷವಾದರೂ ಲಕ್ಷ್ಮೇಶ್ವರಕ್ಕೆ ಪಿಜ್ಜಾ ಇನ್ನೂ ಹೊಸದು. ರುಚಿ ಹಿಡಿಸಿದರೆ ವಾರಕ್ಕೊಮ್ಮೆ ಮಕ್ಕಳಿಗೆ ನೂರು ಪಿಜ್ಜಾ. ಇಲ್ಲವಾದರೆ ಬೇಕರಿಗೆ ಬಾಗಿಲು ಹಾಕಿ, ಅವನು ಮತ್ತೆ ಹುಬ್ಬಳ್ಳಿಗೆ ಕೂಲಿಗೆ ಹೋಗಬೇಕು. ನೆಗಡಿಯಿಂದ ಅವನ ಮೂಗು ಕಟ್ಟಿ, ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಸೀಸೆಯಲ್ಲಿದ್ದುದನ್ನೆಲ್ಲ ಕೆರೆದು ಸವರಿ, ಬೇಯಿಸಿ ಕೊಟ್ಟ. ಖಾಲಿ ಸೀಸೆಯನ್ನು ಶಿಸ್ತಾಗಿ ಕುದಿಯುವ ನೀರಿಗೆ ಹಾಕಿದ.

ಅಕ್ಕೋರು ಕೊನೆಯ ತುಣುಕು ನುಂಗುವ ಹೊತ್ತಿಗೆ ಮೋತಿಬಿ ಹಾಲು ಒಯ್ಯಲು ಬಂದು, ಅವನ ಕಿವಿಯಲ್ಲಿ ಅಂದಳು: "ಭಾಯಿ, ನಿಮ್ಮ ಸಾಸಿನ ಸೀಸೆ ಎರಡ ದಿನ ಕಿಡಕ್ಯಾಗ ಬಿಸಲಿಗೆ ಕುಂತಿತ್ತಲ್ಲ, ತಿರಗಿ ಒಳಗ ಇಟ್ರೇನು? ಅಮೃತವ್ವ ಹೂವಿಗೆ ಜಾಗಾ ಸಾಲವಲ್ದಂತ ತಗದಿಟ್ಟಿದ್ಲು."

ಮರ್ದಾನಸಾಬನ ಮುಖ ಕೆಟ್ಟ ಹಾಲಿನಂತೆ ಒಡೆಯಿತು. ಮೂಸಿ ನೋಡಲು ಸೀಸೆಯಲ್ಲಿ ಏನೂ ಉಳಿದಿಲ್ಲ. ಅಷ್ಟರಲ್ಲಿ ಅಕ್ಕೋರು ತೇಗಿದರು.

"ಅಕ್ಕೋರ, ಹೊಟ್ಟಿ ಹ್ಯಾಂಗೈತ್ರಿ?"

"ತುಂಬೈತಿ."

"ತೊಳಸಾಕ ಹತ್ತಿಲ್ಲಲ್ರಿ? ತಲಿ ಗಿಲಿ ತಿರಗಾಕ...?"

"ನಿಮ್ಮ ಮಾರಿ ಯಾಕ ಬೆಳ್ಳಗಾಗೇತಿ? ಮೊದಲ ನೀವ ದವಾಖಾನಿಗೆ ಹೋಗ್ರಿ!"

ಅವನು ದವಾಖಾನೆಗಲ್ಲ, ಪಕ್ಕದ ಮನೆಗೆ ಓಡಿದ. "ಯಕ್ಕಾರ, ನನ್ನ ಸೀಸೆ ತಿರಗಿ ಫ್ರಿಜ್ಜಿನಾಗ ಇಟ್ರೇನ್ರಿ? ಅಕ್ಕೋರು ತಿಂದಬಿಟ್ರು!"

ಅಮೃತವ್ವ ಮೊರ ಕೆಳಗಿಟ್ಟಳು. "ನಿನ್ನ ಸಾಸಾ? ಮುಂಜಾನೆ ನೋಡಿದ್ರ ಮುಚ್ಚಳ ಪೂರಿ ಉಬ್ಬಿದಂಗ ಉಬ್ಬಿತ್ತು. ತಗದ್ರ ಸೋಡಾದಂಗ ಬುಸ್ಸ ಅಂತು, ಮ್ಯಾಲ ಬಿಳೇ ಬೂಷ್ಟು. ಅದನ್ನೇನ ನಾಲಿಗಿಗೆ ಹಚ್ಚಿ ನೋಡೂದು? ತಿಪ್ಪಿಗೆ ಸುರವಿದೆ. ಸೀಸೆ ತೊಳದು ಕುದಿಸಿ, ಆಗ ಮಾಡಿದ ನನ್ನ ಟೊಮ್ಯಾಟೊ ಗೊಜ್ಜು ತುಂಬಿ ಫ್ರಿಜ್ಜಿನಾಗ ಇಟ್ಟೇನಿ. ಯಾಕ, ಅದನ್ನ ಪಿಜ್ಜಾಕ್ಕ ಬಡದಬಿಟ್ಟಿಯೇನು?"

ಮರ್ದಾನಸಾಬನಿಗೆ ಹೋದ ಜೀವ ಬಂದಂತಾಯಿತು. ಕಟ್ಟಿದ್ದ ಮೂಗೂ ತೆರೆಯಿತು.

ಹಿಂದೆಯೇ ಬಂದ ಅಕ್ಕೋರು ಬಾಗಿಲಲ್ಲಿ ನಿಂತು ಹೇಳಿದರು: "ವಾರಕ್ಕ ನೂರು, ಆತು? ಆದ್ರ ಇದ ಸಾಸು ಬೇಕು. ಬ್ಯಾರೆ ಹಾಕಿದ್ರ ಒಲ್ಲೆ."

"ಮಾಡಿಕೊಡ್ತೇನ ಬಿಡ್ರಿ," ಅಂದಳು ಅಮೃತವ್ವ. "ಇಡಾಕ ಹೆಂಗೂ ನಮ್ಮ ಫ್ರಿಜ್ಜ ಐತಲ್ಲ."

'ನಮ್ಮ' ಎಂದದ್ದು ಕೂಡ ಅವನ ಕಿವಿಗೆ ಇಂಪಾಗಿತ್ತು. ಮೊದಲು ಆ ಪತ್ರ ಹರಿಯಬೇಕೆಂದು ಮನೆಗೆ ಓಡಿ ಅಂಗಿಯ ಕಿಸೆಗೆ ಕೈ ಹಾಕಿದ. ಕಿಸೆ ಖಾಲಿ.

ಹೆಂಡತಿ ಅಖ್ತರಿ ಆಗಷ್ಟೇ ಹೊರಗಿನಿಂದ ಬಂದು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಆ ಪತ್ರ ಹುಡುಕತೀರೇನು? ಟಿಕೀಟ ಹಚ್ಚಿ ಎಂಟ ತಿಂಗಳಾತು, ಬರೇ ಕಿಸೆ ಮುಟ್ಟಿ ಮುಟ್ಟಿ ನೋಡ್ತಿದ್ರಿ. ನೋಡಿ ನೋಡಿ ಸಾಕಾಗಿ ಇವತ್ತ ನಾನ ಪೋಸ್ಟಿನ ಡಬ್ಬ್ಯಾಗ ಹಾಕಿ ಬಂದೆ. ನಸೀಬ ಚಲೋ ಇತ್ತ ನೋಡ್ರಿ, ನನ್ನ ಕಣ್ಣ ಮುಂದನ ಡಬ್ಬಿ ತಗದು ಚೀಲದಾಗ ತುಂಬಕೊಂಡ ಹೋದ್ರು!"