ಸೈಪ್ರೆಸ್‌ಗೆ ಬಂದ ಸಬ್ ರಿಜಿಸ್ಟ್ರಾರ್

ಮನೆ ಕೊಳ್ಳುವವರು ತಿಂಗಳುಗಟ್ಟಲೆ ಅಡುಗೆಮನೆಯ ಕಲ್ಲಿನ ಬಣ್ಣ ವಿಚಾರಿಸುತ್ತಾರೆ. ಮನೆ ನಿಜವಾಗಿ ತಮ್ಮದಾಗುತ್ತದೆಯೇ ಎಂಬ ಪ್ರಶ್ನೆ ಸಹಿ ಹಾಕುವ ಹೊತ್ತಿಗೆ ನೆನಪಾಗುತ್ತದೆ. ಆದ್ದರಿಂದ ನನ್ನ ಕೆಲಸದಲ್ಲಿ ಈಗ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು.

ನಾನು ಹ್ಯೂಸ್ಟನ್ನಿನ ವಾಯವ್ಯಕ್ಕೆ, ಸೈಪ್ರೆಸ್‌ನಲ್ಲಿ, ಒಂದು ಟೈಟಲ್ ಕಂಪನಿಯಲ್ಲಿದ್ದೆ. ನಮ್ಮ ಕಡೆ ವಕೀಲರು, ಪತ್ರ ಬರೆಯುವವರು ಮತ್ತು ರಿಜಿಸ್ಟ್ರಾರ್ ಆಫೀಸು ಸೇರಿ ಮಾಡುವುದನ್ನು ಟೆಕ್ಸಾಸ್‌ನಲ್ಲಿ ಬಹುಮಟ್ಟಿಗೆ ಇದೊಂದೇ ಕಂಪನಿ ಮಾಡುತ್ತದೆ. ಹಿಂದಿನ ಮಾಲೀಕರನ್ನೆಲ್ಲ ಹುಡುಕುತ್ತದೆ, ಹಕ್ಕಿಗೆ ವಿಮೆ ಕೊಡುತ್ತದೆ, ಕೊನೆಗೆ ಎಲ್ಲರನ್ನೂ ಕೂರಿಸಿ ಸಹಿ ಹಾಕಿಸುತ್ತದೆ. ಕೂರಿಸುವವನು ನಾನು. ಮಾತು ಕಡಿಮೆ ಇರುವವನಿಗೆ ಒಳ್ಳೆಯ ಕೆಲಸ. ಎಲ್ಲಿ ಸಹಿ ಎಂದು ಬೆರಳು ತೋರಿಸಿದರೆ ಸಾಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಗದಗ ಕಡೆಯ ಒಬ್ಬ ಇಂಜಿನಿಯರು ಮತ್ತು ಅವರ ಹೆಂಡತಿ ಸೈಪ್ರೆಸ್‌ನಲ್ಲಿ ಒಂದು ಹಳೆಯ ಮನೆ ಮೆಚ್ಚಿಕೊಂಡರು. ಹೆಂಡತಿಗೆ ಏಳು ತಿಂಗಳು. ಬಾಣಂತನಕ್ಕೆಂದು ಅವಳ ತಂದೆ ತಾಯಿ ಬಂದಿದ್ದರು. ತಾಯಿ ಬಂದದ್ದು ಬಾಣಂತನಕ್ಕೇ. ತಂದೆ ನಿವೃತ್ತ ಸಬ್ ರಿಜಿಸ್ಟ್ರಾರ್.

ಎಲ್ಲರೂ ಬೀಗರೇ?

ಯಾವ ಟೈಟಲ್ ಕಂಪನಿ ಎಂದು ಆರಿಸುವ ಕೆಲಸವನ್ನು ಅಳಿಯ ಮಾವನಿಗೆ ವಹಿಸಿದ್ದರು. ಹಗಲೆಲ್ಲ ಅವರು ಸುಮ್ಮನಿರಲಿ ಎಂಬುದೇ ಉದ್ದೇಶ. ಮಾವ ಮಗಳ ಕಾರಿನಲ್ಲಿ ಊರಿನ ಹಲವು ಆಫೀಸು ಸುತ್ತಿ ನನ್ನಲ್ಲಿಗೆ ಬಂದರು. ಮುಖ ಗಂಭೀರವಾಗಿತ್ತು.

"ವಿಮೆಗೆ ಎಲ್ಲಾರೂ ಒಂದ ರೇಟ್ ಹೇಳ್ತಾರಲ್ರಿ. ಬೀಗರೇನ್ರಿ ನೀವೆಲ್ಲ?"

ಟೆಕ್ಸಾಸ್‌ನಲ್ಲಿ ಆ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ ಎಂದೆ. ಹಾಗಾದರೆ ಆರಿಸುವುದು ಹೇಗೆ ಎಂದು ಕೇಳಿದರು. ಹಳೆಯ ಪತ್ರಗಳನ್ನು ಯಾರು ಸರಿಯಾಗಿ ಓದುತ್ತಾರೆ, ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಅದನ್ನು ನೋಡಿ ಎಂದೆ. ಅವರು ಅದನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ಉಳಿದ ಕಡೆ ಎಲ್ಲಾರೂ ಭಾಳ ನಕ್ಕು ಮಾತಾಡಿದ್ರು. ಕಾಫಿ ಕೊಟ್ರು. ನೀವು ನಗವಲ್ರಿ, ಕೂಡ್ರಿ ಅಂತನೂ ಅನ್ನವಲ್ರಿ. ನನಗ ಸರ್ಕಾರಿ ಆಫೀಸಿಗೆ ಬಂದಂಗಾತು. ಇಲ್ಲೇ ಮಾಡಸೂಣು."

ಮನೆಯ ಆಳ

ಕೆಲವು ದಿನದ ಮೇಲೆ ಮನೆಯ ಹಕ್ಕಿನ ಶೋಧನೆ ಮುಗಿಯಿತು. ಮಾವ ಓದಲು ಕೇಳಿದರು, ಕೊಟ್ಟೆ. ಇಷ್ಟು ವರ್ಷದಲ್ಲಿ ಅದನ್ನು ಪೂರ್ತಿ ಓದಿದ ಗಿರಾಕಿ ಅವರೊಬ್ಬರೇ. ಒಂದು ಕಡೆ ನಿಂತರು. ನೆಲದಡಿಯ ಎಣ್ಣೆ, ಅನಿಲಗಳ ಹಕ್ಕನ್ನು ಹಿಂದಿನ ಕಾಲದ ಮಾಲೀಕನೊಬ್ಬ ತನ್ನಲ್ಲೇ ಉಳಿಸಿಕೊಂಡು ಮೇಲಿನದನ್ನು ಮಾತ್ರ ಮಾರಿದ್ದ. ಇಲ್ಲಿ ಅದು ಮಾಮೂಲು ಎಂದೆ.

"ಹಂಗಾರ ನನ್ನ ಮಗಳ ಮನಿ ಎಷ್ಟು ಆಳ ಐತ್ರಿ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಿತ್ತಲಲ್ಲಿ ನುಗ್ಗೆ ಗಿಡ ಹಚ್ಚಿದರೆ ಬೇರು ಇನ್ನೊಬ್ಬರ ಆಸ್ತಿಗೆ ಇಳಿಯುವುದಿಲ್ಲವೇ ಎಂದು ಕೇಳಿದರು. ಬೇರು ಎಣ್ಣೆ ಕುಡಿಯದಿದ್ದರೆ ತೊಂದರೆಯಿಲ್ಲ ಎಂದೆ.

ಅಂದು ಜೊತೆಗೆ ಬಂದಿದ್ದ ಅಳಿಯ ಉತ್ಸಾಹದಿಂದ ಬಾಯಿ ಹಾಕಿದರು. ಅವರದು ಎಣ್ಣೆ ಕಂಪನಿಯಲ್ಲೇ ನೌಕರಿ. ಇಂಥ ಹಕ್ಕುಗಳನ್ನು ತಮ್ಮ ಕಂಪನಿಯಂಥವರೇ ಗುತ್ತಿಗೆ ಹಿಡಿಯುತ್ತಾರೆ, ಭಯ ಬೇಡ ಎಂದು ವಿವರಿಸಿದರು. ಮಾವ ಕನ್ನಡಕ ತೆಗೆದರು.

"ಅಂದ್ರ ಮ್ಯಾಲ ನೀವು ಸಾಲಾ ಕಟ್ಟೂದು, ಕೆಳಗ ನಿಮ್ಮ ಸಾಹೇಬ ಗಳಸೂದು. ಅಳಿಯಂದ್ರ, ಮನಿ ಇದ ಇರ್ಲಿ. ನೌಕರಿ ಬದಲಿ ಮಾಡ್ರಿ."

ಅರ್ಧ ಓಣಿ

ಸಹಿಯ ದಿನ ಬಂತು. ಅಪಾರ್ಟ್‌ಮೆಂಟ್ ಬಿಟ್ಟಾಗಿತ್ತು. ಸಾಮಾನೆಲ್ಲ ಬಾಡಿಗೆ ಲಾರಿಯಲ್ಲಿ ನಮ್ಮ ಆಫೀಸಿನ ಮುಂದೆ ಜುಲೈ ಬಿಸಿಲಿಗೆ ನಿಂತಿತ್ತು. ಬ್ಯಾಂಕಿನವರು ಬಡ್ಡಿಯ ದರವನ್ನು ಹಿಡಿದಿಟ್ಟಿದ್ದು ಅಂದಿನ ತನಕ ಮಾತ್ರ. ಸಂಜೆಯೊಳಗೆ ಸಹಿ ಬೀಳದಿದ್ದರೆ ಮನೆಯೂ ಇಲ್ಲ, ಮಲಗಲು ಜಾಗವೂ ಇಲ್ಲ.

ಮೊದಲು ಅಳಿಯನ ಹೆಸರಿನ ವಿಚಾರ. ಒಂದು ಕಾರ್ಡಿನಲ್ಲಿ ತಂದೆಯ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದು ಬ್ಯಾಂಕು ಊರಿನ ಹೆಸರನ್ನೇ ಅವರ ಹೆಸರು ಮಾಡಿತ್ತು. ಇವರೆಲ್ಲ ನಾನೊಬ್ಬನೇ ಎಂದು ಅವರು ಪ್ರಮಾಣ ಮಾಡಬೇಕಿತ್ತು. ನಾನು ಹೆಸರುಗಳನ್ನು ಓದುತ್ತಾ ಹೋದೆ. ಅಳಿಯ ಪ್ರತಿಯೊಂದಕ್ಕೂ ತಲೆಯಾಡಿಸಿದರು.

ಮಾವ ಹೆಂಡತಿಯ ಕಡೆ ವಾಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ನಾವು ಹೆಣ್ಣು ಕೊಟ್ಟಿದ್ದು ಒಬ್ಬಂವಗ. ಇಲ್ಲಿ ನೋಡಿದ್ರ ಅರ್ಧ ಓಣಿ ಐತಿ."

ಮಾರುವವರು ಎಲ್ಲಿ?

ಅಳಿಯ ಪೆನ್ನು ಹಿಡಿದರು. ಮಾವ ಕೋಣೆಯನ್ನೆಲ್ಲ ಒಮ್ಮೆ ನೋಡಿ, ಮಾರುವವರು ಎಲ್ಲಿ ಎಂದು ಕೇಳಿದರು. ಪಕ್ಕದ ಕೋಣೆಯಲ್ಲಿದ್ದಾರೆ, ಇಲ್ಲಿ ಇಬ್ಬರೂ ಎದುರುಬದುರು ಕೂರಬೇಕಾಗಿಲ್ಲ ಎಂದೆ. ಮಾವ ಮಗಳ ಪೆನ್ನಿಗೆ ಮುಚ್ಚಳ ಹಾಕಿದರು.

"ಮಾರಾಂವನ ಕೇಳದ ನನ್ನ ಸರ್ವೀಸಿನ್ಯಾಗ ಒಂದ ಪತ್ರಾನೂ ಮಾಡಿಲ್ರಿ."

ಅಪ್ಪ ಹೂಂ ಅನ್ನುವ ತನಕ ತಾನು ಸಹಿ ಹಾಕುವುದಿಲ್ಲ ಎಂದಳು ಮಗಳು. ಸಾಲ ತನ್ನೊಬ್ಬನ ಹೆಸರಿನಲ್ಲೇ ಇದೆಯಲ್ಲ ಎಂದು ಅಳಿಯ ಮೆಲ್ಲಗೆ ನನ್ನನ್ನು ಕೇಳಿದರು. ವಾಸದ ಮನೆಯ ಅಡಮಾನಕ್ಕೆ, ಸಾಲ ಯಾರ ಹೆಸರಿನಲ್ಲಿದ್ದರೂ, ಹೆಂಡತಿಯ ಸಹಿ ಬೇಕು ಎಂದೆ. ಟೆಕ್ಸಾಸ್ ಬಗ್ಗೆ ಮಾವನ ಮೊದಲ ಮೆಚ್ಚುಗೆ ಆಗ ಬಂತು. "ಇದೊಂದು ಕಾನೂನು ಚಲೋ ಐತ್ರಿ."

ಬೇರೆ ದಾರಿ ಇರಲಿಲ್ಲ. ಮಾರುವವರನ್ನು ಕರೆತಂದೆ. ಗಂಡ ವಯಸ್ಸಾದ ಎತ್ತರದ ಮನುಷ್ಯ, ಕೈಯಲ್ಲಿ ಹ್ಯಾಟು. ಹೆಂಡತಿ ಕಾರಿನ ಕೀಲಿಯನ್ನು ಕೈಯಲ್ಲೇ ಹಿಡಿದಿದ್ದರು. ಮಾವ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಇಂಗ್ಲಿಷಿನಲ್ಲಿ ವಿಚಾರಣೆ ಶುರು ಮಾಡಿದರು. ಮನೆ ನಿಮ್ಮದೇ? ಹೌದು. ಬೇರೆ ಯಾರಿಗಾದರೂ ಕೊಡುತ್ತೇನೆಂದು ಒಪ್ಪಿದ್ದೀರಾ? ಇಲ್ಲ. ಕೊನೆಯ ಪ್ರಶ್ನೆ: ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಮಾರುತ್ತಿದ್ದೀರಾ?

ಆತ ಹ್ಯಾಟನ್ನು ಮೇಜಿನ ಮೇಲಿಟ್ಟ.

"ಇಲ್ಲ," ಎಂದ. "ಇದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ."

ಹೆಂಡತಿ ನಿಧಾನವಾಗಿ ಅವನ ಕಡೆ ತಿರುಗಿದರು. ಆಮೇಲೆ ವಿಷಯ ಹೊರಬಂತು. ಮೊಮ್ಮಕ್ಕಳು ಡಲ್ಲಾಸ್‌ನ ಆಚೆ ಪ್ರಾಸ್ಪರ್‌ನಲ್ಲಿದ್ದರು, ಹೆಂಡತಿ ಅಲ್ಲಿ ಹೊಸ ಮನೆ ನೋಡಿದ್ದರು. ಆತನಿಗೆ ಮೊಮ್ಮಕ್ಕಳ ಮೇಲೆ ಕೋಪವಿರಲಿಲ್ಲ, ಡಲ್ಲಾಸ್ ಮೇಲಿತ್ತು. ಹಿತ್ತಲಲ್ಲಿ ತಾನೇ ನೆಟ್ಟ, ಅಕ್ರೋಟಿನಂಥ ಕಾಯಿಯ ಪೆಕಾನ್ ಮರವಿತ್ತು. ಅದು ಕಾಯಿ ಬಿಡಲು ವರ್ಷಗಟ್ಟಲೆ ಕಾದಿದ್ದ, ಈಗ ಕಾಯಿ ಬಿಡುತ್ತಿರುವಾಗ ಹೋಗು ಎನ್ನುತ್ತಿದ್ದಾರೆ ಎಂದ.

ಮಾವ ನನಗೆ ಕನ್ನಡದಲ್ಲಿ ತೀರ್ಪು ಹೇಳಿದರು. "ಒತ್ತಾಯ ಐತಿ. ಬರೂದಿಲ್ರಿ."

"ಅಪ್ಪಾ, ಹೊರಗ ಲಾರಿ ನಿಂತೈತಿ," ಎಂದಳು ಮಗಳು.

"ನಿಲ್ಲವಲ್ದ್ಯಾಕ."

ಅಳಿಯ ಕಣ್ಣು ಮುಚ್ಚಿಕೊಂಡರು. ಮಗಳು ಹೊಟ್ಟೆ ಹಿಡಿದು ಎದ್ದು, ಮೇಜು ಸುತ್ತಿ ಹೋಗಿ ಆ ಮುದುಕನ ಪಕ್ಕ ಕೂತಳು. ಮರ ಕಡಿಯುವುದಿಲ್ಲ, ವರ್ಷ ವರ್ಷ ಕಾಯಿ ಆರಿಸಲು ನೀವೇ ಬನ್ನಿ, ನಮ್ಮಲ್ಲೇ ಇಳಿದುಕೊಳ್ಳಿ ಎಂದಳು. ಆತ ಹೆಂಡತಿಯನ್ನು ನೋಡಿದ.

"ಒಂದು ವಾರ," ಎಂದರು ಹೆಂಡತಿ.

"ಎರಡು."

ಆಕೆ ಚಾವಣಿ ನೋಡಿದರು. ಅದು ಒಪ್ಪಿಗೆ ಎಂದು ಅವನಿಗೆ ಗೊತ್ತಿದ್ದಿರಬೇಕು. ಈಗ ಸ್ವಂತ ಇಚ್ಛೆಯಿಂದಲೇ ಮಾರುತ್ತೇನೆ ಎಂದು ಮಾವನಿಗೆ ಹೇಳಿ, ಅಲ್ಲೇ ಕೂತು ಸಹಿ ಹಾಕಿದ. ಹೆಂಡತಿಯೂ ಹಾಕಿದರು.

ಮಾವ ತೃಪ್ತರಾಗಿ ಮಗಳ ಪೆನ್ನಿನ ಮುಚ್ಚಳ ತೆಗೆದರು. ಅವಳು ಸಹಿ ಮಾಡಿದಳು. ಆಮೇಲೆ ಅವರು ಅಳಿಯನ ಕಡೆ ತಿರುಗಿದರು. ಕೊಳ್ಳುವವರನ್ನೂ ಕೇಳುವುದು ಧರ್ಮ ಎಂದು, ಅದೇ ಇಂಗ್ಲಿಷಿನಲ್ಲಿ, ಅದೇ ಧ್ವನಿಯಲ್ಲಿ ಕೇಳಿದರು: ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಕೊಳ್ಳುತ್ತಿದ್ದೀರಾ?

ಅಳಿಯ ಪೆನ್ನು ಹಿಡಿದವರು ಹಾಗೇ ನಿಂತರು. ಹೆಂಡತಿಯ ಮುಖ ನೋಡಿದರು. ಅವಳು ಕಿಟಕಿಯಾಚೆ ಲಾರಿ ನೋಡುತ್ತಿದ್ದಳು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

ಆಗ ಆ ಮುದುಕ ಮೇಜಿನ ಮೇಲೆ ಬಾಗಿ, ನಾನು ಮಾಡಬೇಕಾದ ಕೆಲಸವನ್ನು ತಾನೇ ಮಾಡಿದ. ಸಹಿಯ ಜಾಗದ ಮೇಲೆ ಬೆರಳಿಟ್ಟು ಹೇಳಿದ:

"ಯೋಚನೆ ಮಾಡಬೇಡಪ್ಪ. ಇಲ್ಲಿ ಹಾಕು."