ಒಂದು ಮಾತ್ರೆ, ಮನೆ ತುಂಬಾ ಕೈ

ಮರೆವಿನವರಿರುವ ಮನೆಯಲ್ಲಿ ನಗುವಂಥದ್ದು ದಿನಾ ಒಂದಾದರೂ ನಡೆಯುತ್ತದೆ, ಆದರೆ ನಗುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆಗ ಬಾಕಿ ಉಳಿದ ನಗುವನ್ನೆಲ್ಲ ನಾನು ಈಗ ಕೂತು ನಗುತ್ತಿದ್ದೇನೆ. ಆಗ ಮಾತ್ರ ಸುಸ್ತೋ ಸುಸ್ತು.

ನಮ್ಮದು ಕಂಪಲಾಪುರ, ಹೊಗೆಸೊಪ್ಪು ಬೆಳೆಯುವ ಮನೆ. ನಾನು ಅಂಗನವಾಡಿ ಟೀಚರು. ಊರ ಮಕ್ಕಳ ಮೂಗು ಒರೆಸಿ, ಅವಕ್ಕೆ ಉಣ್ಣಿಸಿ, ಮಲಗಿಸಿ ಮನೆಗೆ ಬಂದರೆ ಅಲ್ಲಿ ಮಾವ ಚಪ್ಪಲಿಯನ್ನು ಹಾಲಿನ ಪಾತ್ರೆಯ ಪಕ್ಕ ಜೋಡಿಸಿಟ್ಟು ಕಾಯುತ್ತಿದ್ದರು. ಅಂಗನವಾಡಿಗಾದರೂ ಭಾನುವಾರ ರಜ ಇತ್ತು.

ಮಾವ ಸಾಮಾನ್ಯದವರಲ್ಲ. ಸೊಪ್ಪು ಬೇಯಿಸುವ ಬೆಂಕಿಗೂಡಿನ ಮನೆ, ಅಂದರೆ ಬ್ಯಾರನ್ನಿನ ಮುಂದೆ ನಿಂತು ಬರೀ ವಾಸನೆಯಲ್ಲೇ ಹದ ಹೇಳುತ್ತಿದ್ದವರು. ಅಂಥವರು ಒಂದು ದಿನ ಪಿರಿಯಾಪಟ್ಟಣದ ಸಂತೆಗೆ ಹೋಗಿ, ಮನೆಗೆ ಬರುವ ದಾರಿ ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಕೂತುಬಿಟ್ಟಿದ್ದರು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಿದಾಗ ಆಲ್‌ಝೈಮರ್ ಅಂದರು. ಆ ಹೆಸರು ಅತ್ತೆಯ ನಾಲಗೆಗೆ ಹತ್ತಲಿಲ್ಲ, "ಮರೆವಿನ ಕಾಯ್ಲೆ ಅಂದ್ರೆ ಸಾಕು ಬುಡು" ಅಂದರು. ಮುಂದೆ ನೋಡಿಕೊಳ್ಳುವುದಕ್ಕೆ ಹುಣಸೂರಿನ ಡಾಕ್ಟರೊಬ್ಬರು ಒಪ್ಪಿದರು.

ಆ ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹೇಳಿದ್ದು ಇಷ್ಟು: "ಇದು ಕಾಯಿಲೆ ವಾಸಿ ಮಾಡೋ ಮಾತ್ರೆ ಅಲ್ಲ. ಇರೋ ನೆನಪು ಸ್ವಲ್ಪ ದಿನ ಹಿಡಿದುಕೊಳ್ಳೋಕೆ. ದಿನಕ್ಕೆ ಒಂದೇ. ಜಾಸ್ತಿ ಹೋದ್ರೆ ವಾಂತಿ, ಭೇದಿ, ನಾಡಿ ನಿಧಾನ ಆಗಿ ತಲೆಸುತ್ತಿ ಬೀಳ್ತಾರೆ. ಮೊದಲೇ ಇವರ ನಾಡಿ ನಿಧಾನ. ಆದ್ದರಿಂದ ಮಾತ್ರೆ ಒಬ್ಬರ ಕೈಯಿಂದಲೇ ಹೋಗಬೇಕು."

ಎಲ್ಲರೂ ತಲೆಯಾಡಿಸಿದೆವು. ಮಾವನೂ ಆಡಿಸಿದರು.

ಜರಡಿ

ನೆನಪಿನ ಮಾತ್ರೆ ಬಂದಿದೆ ಅನ್ನುವ ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು. ಪಕ್ಕದ ಮನೆಯಾಕೆ ಸಂಜೆಗೇ ಬಂದು ಜಗಲಿಯ ಮೇಲೆ ಕೂತಳು.

"ಒಂದೆರಡು ಮಾತ್ರೆ ಕೊಡಕ್ಕಾ. ನಮ್ ಮಗ ಎಸ್ಸೆಲ್ಸಿ ಲೆಕ್ಕದಲ್ಲಿ ಒಂದೇ ಸಮ ಗೋತಾ ಒಡೀತಾವ್ನೆ."

"ಇದು ಕಾಯಿಲೆಯವರಿಗೆ ಕೊಡೋದು ಕಣಮ್ಮ. ಹುಷಾರಾಗಿರೋರು ತಿಂದ್ರೆ ನೆನಪು ಬರಲ್ಲ, ವಾಂತಿ ಬರುತ್ತೆ" ಅಂದೆ.

"ಅರ್ಧನಾದ್ರೂ ಕೊಡು."

"ಅರ್ಧನೂ ಇಲ್ಲ."

ಆಕೆ ಮುಖ ಊದಿಸಿಕೊಂಡು ಎದ್ದು ಹೋದಳು. ಒಳಗೆ ಹೊಗೆಸೊಪ್ಪು ಕಟ್ಟಿ ನೇತುಹಾಕುವ ಕಡ್ಡಿ ಎಣಿಸುತ್ತಿದ್ದ ನಮ್ಮ ಯಜಮಾನರು ಅಲ್ಲಿಂದಲೇ ಕೂಗಿದರು: "ಅವ್ಳ ಮಗುಂಗೆ ಬ್ಯಾಡ, ಅವ್ಳಿಗೇ ಒಂದು ಕೊಡು. ಕಳ್ದ ಸುಗ್ಗೀಲಿ ಇಸ್ಕೊಂಡೋದ ನಮ್ ಜರಡಿ ನೆಪ್ಪಾದ್ರೂ ಆದಾತು."

ಇವತ್ತಿಂದು

ಒಬ್ಬರ ಕೈಯಿಂದ ಅಂದಿದ್ದರು ಡಾಕ್ಟರು. ಯಾರ ಕೈ ಅಂತ ನಾವು ತೀರ್ಮಾನ ಮಾಡಲಿಲ್ಲ. ಮನೆಯಲ್ಲಿ ಎಲ್ಲರಿಗೂ ಮಾವನ ಮೇಲೆ ಪ್ರೀತಿ, ಆದ್ದರಿಂದ ಎಲ್ಲರ ಕೈಯೂ ಆ ಕೈಯೇ.

ಮಾವ ನುಂಗಿದ್ದನ್ನು ನುಂಗಿದ ಕೂಡಲೇ ಮರೆಯುತ್ತಿದ್ದರು. ಮರೆವಿಗೆ ಕೊಟ್ಟ ಮಾತ್ರೆಯನ್ನೇ ಮರೆಯುವವರಿಗೆ ಏನು ಹೇಳೋದು? ಒಂದು ದಿನ ನಾನು ಅಂಗನವಾಡಿಗೆ ಹೋದಮೇಲೆ ಅತ್ತೆಯ ಹತ್ತಿರ "ಮಾತ್ರೆ ಕೊಡ್ಲಿಲ್ವಲ್ಲ" ಅಂದರಂತೆ. ಅತ್ತೆ ಕೊಟ್ಟರು. ಗದ್ದೆಯಿಂದ ಬಂದ ಮಗನ ಹತ್ತಿರ "ಯಾರೂ ಕೊಡ್ಲಿಲ್ಲ ಕಣ್ಲಾ" ಅಂದರಂತೆ. ಅವರೂ ಕೊಟ್ಟರು. ನಾನು ವಾಪಸ್ಸು ಬರುವ ಹೊತ್ತಿಗೆ ಮಾವ ಹಿತ್ತಿಲ ಗೋಡೆ ಹಿಡಿದುಕೊಂಡು ಬೆವೆತು ನಿಂತಿದ್ದರು. ಕೈ ಮುಟ್ಟಿದರೆ ತಣ್ಣಗೆ.

ಟೆಂಪೋದಲ್ಲಿ ಹುಣಸೂರಿಗೆ ಹೊರಟಾಗ ನಮ್ಮೂರ ಪದ್ಧತಿಯಂತೆ ಅರ್ಧ ಬೀದಿ ಜೊತೆಗೆ ಹತ್ತಿತು. ಡಾಕ್ಟರು ನಾಡಿ ಹಿಡಿದು, ಡ್ರಿಪ್ ಹಾಕಿಸಿ, ಪಕ್ಕದಲ್ಲೇ ಕೂತು ಮತ್ತೆ ಮತ್ತೆ ನಾಡಿ ನೋಡಿದರು. ಗಂಡಾಂತರ ಇಲ್ಲ ಅಂತ ಗೊತ್ತಾದ ಮೇಲೆ ತಿರುಗಿ, "ಯಾರು ಕೊಟ್ಟಿದ್ದು?" ಅಂದರು.

"ನಾನು" ಅಂದರು ಅತ್ತೆ. "ನಾನೂ" ಅಂದರು ಮಗ. ಹಿಂದಿನಿಂದ ಇನ್ನೊಂದು ದನಿ ಬಂತು, "ನಾನೂವೆ."

ತಿರುಗಿ ನೋಡಿದರೆ ಪಕ್ಕದ ಮನೆಯಾಕೆ. "ಪಾಪ, ಕೇಳುದ್ರು. ಗೋಡೆ ಗೂಡಲ್ಲೇ ಇತ್ತಲ್ಲ, ಎತ್ಕೊಟ್ಟೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗ ಮಂಚದ ಮೇಲಿಂದ ಮಾವ ಕ್ಷೀಣ ದನಿಯಲ್ಲಿ ಕರೆದರು: "ಡಾಕ್ಟ್ರೇ, ಇವ್ರು ಯೋಳೋದೆಲ್ಲ ಸುಳ್ಳು. ಇವತ್ತಿಂದು ಇನ್ನೂ ಕೊಟ್ಟಿಲ್ಲ."

ಬ್ಯಾರನ್ನಿನ ಬೆಂಕಿ

ಈ ಆಸ್ಪತ್ರೆಯ ಪ್ರಕರಣಕ್ಕೂ ಮುಂಚೆ, ಮೊದಮೊದಲು ಮಾತ್ರೆ ಮಲಗುವ ಮುಂಚೆ ಕೊಡುವುದಿತ್ತು. ಕೆಲವರಿಗೆ ಅದರಿಂದ ಕನಸು ಜಾಸ್ತಿಯಂತೆ. ಮಾವನಿಗೆ ಬೀಳುತ್ತಿದ್ದುದು ಒಂದೇ ಕನಸು, ಬ್ಯಾರನ್ನಿನ ಬೆಂಕಿ ಆರಿಹೋದದ್ದು. ಸೊಪ್ಪಿನ ಸುಗ್ಗಿ ಮುಗಿದು ಬ್ಯಾರನ್ನಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಕಾಲದಲ್ಲೂ ಬೆಳಗಾದರೆ ಮಗನಿಗೆ ಬೈಗುಳ: "ಬೆಂಕಿ ಆರುಸ್ಬುಟ್ಟು ಬಿದ್ಕೊಂಡಿದ್ದಿಯೇನ್ಲಾ ಸೋಂಬೇರಿ!"

ಡಾಕ್ಟರಿಗೆ ಹೇಳಿದೆವು. ಮಾತ್ರೆಯನ್ನು ಬೆಳಗ್ಗೆ ಊಟವಾದ ಮೇಲೆ ಕೊಡಿ ಅಂದರು. ಒಂದು ದಿನ ತಪ್ಪಿದರೆ ಮಾರನೆಯ ದಿನ ಎರಡು ಕೊಡಬೇಡಿ ಅಂತಲೂ ಎಚ್ಚರಿಸಿದರು. ಕನಸು ನಿಂತಿತು. ವಾರ ಕಳೆದ ಮೇಲೆ ನಮ್ಮ ಯಜಮಾನರನ್ನು "ಈಗ ಸಮಾಧಾನವೇ?" ಅಂತ ಕೇಳಿದೆ.

"ಏನ್ ಸಮಾಧಾನ, ಈಗ ಅವ್ರು ಕಾರಣನೇ ಇಲ್ದೆ ಬಯ್ತಾರೆ" ಅಂದರು.

ಮುದ್ದೆಯೊಳಗೆ

ಆಸ್ಪತ್ರೆಯ ಪ್ರಕರಣದ ನಂತರ ಮಾತ್ರೆಯ ಅಧಿಕಾರವನ್ನು ಅತ್ತೆ ವಹಿಸಿಕೊಂಡರು. ಮಾತ್ರೆ ಅವರ ಎಲೆಅಡಿಕೆ ಚೀಲ ಸೇರಿತು. ಅಲ್ಲಿಗೆ ಕೈ ಹಾಕುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಆದರೆ ಅದೇ ಹೊತ್ತಿಗೆ ಮಾವ ಮಾತ್ರೆ ಉಗಿಯುವುದಕ್ಕೆ ಶುರು ಮಾಡಿದರು. "ಇವ್ಳು ನಂಗೆ ಇಸ ಆಕ್ತಾವ್ಳೆ" ಅಂತ ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುವುದು ಬೇರೆ.

ಅತ್ತೆ ಉಪಾಯ ಹುಡುಕಿದರು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಅದ್ದಿ, ನುಂಗುವುದು. ಮಾತ್ರೆಯನ್ನು ಮುದ್ದೆಯೊಳಗಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ. "ಡಾಕ್ಟರನ್ನ ಒಂದು ಮಾತು ಕೇಳೋಣ ಅತ್ತೆ" ಅಂದೆ. "ಆವಯ್ಯ ಇಡ್ಲಿ ತಿನ್ನೋನು, ಅವುಂಗೇನು ಗೊತ್ತು ಮುದ್ದೆ ಇಚಾರ" ಅಂದರು.

ಕೆಲವು ದಿನ ಸಲೀಸಾಗಿ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಕೆ.ಆರ್. ನಗರದಿಂದ ಅತ್ತೆಯ ಅಣ್ಣ ಬಂದರು. ಬಂದವರೇ, "ಆಳಾದ ಮರೆವು ನಿಮ್ಮನೇಗೇ ಬರ್ಬೇಕಾ! ನನ್ ನೋಡು, ನಿನ್ ಮದ್ವೇಲಿ ಯಾರ್ಯಾರು ಯಾವ್ಯಾವ ಸಾಲಲ್ಲಿ ಕುಂತು ಉಂಡ್ರು ಅಂತ ಇವತ್ತೂ ಯೋಳ್ತೀನಿ" ಅಂತ ಶುರುಮಾಡಿದರು. ಅತ್ತೆ ಮೊದಲ ಮುದ್ದೆ ಕಟ್ಟಿ, ಒಳಗೆ ಮಾತ್ರೆ ಇಟ್ಟು, ಮಾವನ ತಟ್ಟೆಗೆ ಹಾಕಿ, ತುಪ್ಪ ತರುವುದಕ್ಕೆ ಒಳಕೋಣೆಗೆ ಹೋದರು. ನೆಂಟರು ಬಂದರೆ ಮೊದಲ ಬಿಸಿ ಮುದ್ದೆ ನೆಂಟರಿಗೆ ಅನ್ನುವುದು ನಮ್ಮನೆ ರೂಢಿ. ಯಜಮಾನರು ಮರ್ಯಾದಸ್ಥರು, ತಟ್ಟೆಯನ್ನು ಸರಿಸಿ ಸೋದರಮಾವನ ಮುಂದಿಟ್ಟರು.

ಅತ್ತೆ ತುಪ್ಪದೊಂದಿಗೆ ಬಂದಾಗ ಅಣ್ಣನ ತಟ್ಟೆ ಖಾಲಿ. ಅತ್ತೆ ತುಪ್ಪದ ಮಿಳ್ಳೆಯನ್ನು ಅಲ್ಲೇ ನೆಲದ ಮೇಲಿಟ್ಟು ಮಗನನ್ನು ಪಕ್ಕಕ್ಕೆ ಎಳೆದರು. ಕಿವಿಯಲ್ಲಿ ವಿಷಯ ಉಸುರಿದ ಕೂಡಲೇ ಯಜಮಾನರು ಎಸ್‌ಟಿಡಿ ಬೂತಿಗೆ ಓಡಿದರು. ಡಾಕ್ಟರು ಅಲ್ಲಿಂದ, ಅವರಿಗೆ ಹೃದಯದ ತೊಂದರೆ, ಉಬ್ಬಸ, ಹೊಟ್ಟೆಹುಣ್ಣು ಏನಾದರೂ ಇದೆಯಾ ಕೇಳಿ, ಒಬ್ಬರನ್ನೇ ಬಿಡಬೇಡಿ, ತಲೆಸುತ್ತಿದರೆ ಕರೆದುಕೊಂಡು ಬನ್ನಿ, ಮೊದಲು ಅವರಿಗೆ ನಿಜ ಹೇಳಿ ಅಂದರಂತೆ.

ಯಜಮಾನರು ಏದುಸಿರು ಬಿಡುತ್ತ ಬಂದು ಕೇಳಿದರು: "ಮಾವ, ನಿಮ್ಗೆ ಎದೆಗಿದೆ ನೋವು ಅದಾ? ನಾಡಿ ಎಂಗದೆ?"

"ಯಾಕ್ಲಾ, ಜಮೀನು ಬರ್ಸ್ಕೊಳಕಾ?" ಅಂದರು ಅವರು.

ಕಾಯಿಲೆ ಏನೂ ಇರಲಿಲ್ಲ, ಪುಣ್ಯ. ಆದರೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ನಾನು ಮಾಡಿದ ಸಾರನ್ನು ಬೈಯುತ್ತ ಹಿತ್ತಿಲಲ್ಲಿ ಕೂತರು. ಕೊನೆಗೆ ಅತ್ತೆ ಎದುರು ನಿಂತು, ಸೆರಗು ಹಿಂಡುತ್ತ ಹೇಳಿದರು: "ಅಣ್ಣ, ನೀನು ಉಂಡಿದ್ದು ಅವ್ರ ಮರೆವಿನ ಮಾತ್ರೆ ಕಣಣ್ಣ."

ಅಣ್ಣ ಬಾಯಿ ಒರೆಸಿಕೊಂಡರು. ಈಗ ಮನೆ ಎರಡಾಗುತ್ತದೆ ಅಂತ ನಾವು ಅಂದುಕೊಂಡೆವು. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಅಂದರು: "ಅಂಗಾದ್ರೆ ಕೇಳಿಲ್ಲಿ. ಬರೋವಾಗ ಕೊಡೆ ತಂದಿದ್ದೆ, ಎಲ್ಲಿ ಬುಟ್ಟೆ ಅನ್ನೋದು ಗ್ಯಾನಕ್ಕೇ ಬತ್ತಾ ಇಲ್ಲ. ಇದು ಕೆಲ್ಸ ಮಾಡಕೆ ಎಷ್ಟೊತ್ತಾದದು?"

ಜೊತೆಗೆ ಒಂದು

ಕದ್ದು ಕೊಡುವುದು ನಿಂತಿತು. ಮಾತ್ರೆ ಈಗ ನನ್ನ ಕೈಗೆ, ಅಟ್ಟದ ಮೇಲಿನ ಡಬ್ಬಿಗೆ ಬಂತು. ಎದುರಿಗೇ ಕೊಡಿ, ಬೇಡ ಅಂದರೆ ಬಲವಂತ ಮಾಡದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ ಅಂದಿದ್ದರು ಡಾಕ್ಟರು. ಮತ್ತೆ ಮತ್ತೆ ಕೇಳಿದೆ. ಮಾವ ಬಾಯಿ ಬಿಡಲಿಲ್ಲ. ಬಹಳ ದಿನ ತಪ್ಪಿದರೆ ನೀವಾಗಿಯೇ ಮತ್ತೆ ಶುರು ಮಾಡುವ ಹಾಗಿಲ್ಲ, ನನ್ನನ್ನು ಕೇಳಿ ಕಡಿಮೆ ಅಳತೆಯಿಂದ ಮತ್ತೆ ಶುರು ಮಾಡಬೇಕಾಗುತ್ತದೆ ಅಂತಲೂ ಹೇಳಿದ್ದರು. ದಿನ ಜಾರುತ್ತಿತ್ತು. ಇದ್ದಷ್ಟು ನೆನಪೂ ಹೋದರೆ ಏನು ಗತಿ ಅಂತ ಒಲೆ ಮುಂದೆ ಕೂತು ಅತ್ತೆ ಅತ್ತರು. ನನಗೂ ಸಾಕಾಗಿಹೋಗಿತ್ತು. ಅಳುವುದಕ್ಕೂ ತ್ರಾಣ ಇರಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ಎಲೆಅಡಿಕೆ ಚೀಲ ಕಾಣದೆ ಮನೆಯೆಲ್ಲ ತಡಕಾಡುತ್ತಿದ್ದರು. ಚೀಲ ಅವರ ಸೊಂಟದಲ್ಲೇ ಇತ್ತು. ಮಾವ ಅದನ್ನು ನೋಡಿ, ನನ್ನನ್ನು ಹತ್ತಿರ ಕರೆದರು. "ಪಾಪ, ಆ ಎಂಗ್ಸಿಗೆ ಮರೆವು ಕಣವ್ವ. ಒಂದು ಮಾತ್ರೆಗೀತ್ರೆ ಕೊಡ್ಬಾರ್ದಾ?"

ಅತ್ತೆಗೆ ಕೇಳಿಸಿತು. ಜೀವಮಾನದಲ್ಲಿ ಯಾರೆದುರೂ ಸೋತವರಲ್ಲ ನಮ್ಮತ್ತೆ. ಬಂದು ಮಾವನೆದುರು ಚಕ್ಕಂಬಕ್ಕಳ ಹಾಕಿ ಕೂತರು. "ನಾನೊಬ್ಳೇ ನುಂಗಕಿಲ್ಲ. ನೀವೂ ಜೊತೆಗೆ ನುಂಗುದ್ರೆ ನುಂಗ್ತೀನಿ."

"ಅದಕ್ಕೇನಂತೆ, ಕೊಡು" ಅಂದರು ಮಾವ.

ಮಾವನಿಗೆ ಅವರ ಮಾತ್ರೆ, ಅತ್ತೆಗೆ ಅಂಗನವಾಡಿ ಮಕ್ಕಳಿಗೆ ಅಂತ ನಾನಿಟ್ಟುಕೊಂಡಿದ್ದ ಪೆಪ್ಪರ್‌ಮೆಂಟು. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಲಿಲ್ಲ. ಅತ್ತೆ ನುಂಗಿದರೋ ಇಲ್ಲವೋ ಅಂತ ಮಾವ ಬಾಯಿ ತೆಗೆಸಿ ನೋಡುತ್ತಿದ್ದರು. ಜಗಲಿಯ ಮೇಲೆ ಕೂತು ಹೋಗಿಬರುವವರಿಗೆಲ್ಲ, "ನಮ್ಮನೇಲಿ ಒಬ್ಳಿಗೆ ಮರೆವು. ಅವ್ಳಿಗೆ ಬೇಜಾರಾಗ್ಬಾರ್ದು ಅಂತ ನಾನೂ ಒಂದು ನುಂಗ್ತೀನಿ" ಅಂತ ಹೇಳುತ್ತಿದ್ದರು.

ಊರು ನಂಬಿತು. ಪಕ್ಕದ ಮನೆಯಾಕೆ ಒಂದು ಸಂಜೆ ಸಪ್ಪೆ ಮುಖ ಮಾಡಿಕೊಂಡು ಜರಡಿ ತಂದು ನನ್ನ ಕೈಗಿಟ್ಟಳು. "ನಿಮ್ಮತ್ತೆಗೂ ಬಂತಂತಲ್ಲಕ್ಕಾ. ಅವ್ರಿಗೆ ಜರಡಿ ನೆಪ್ಪಿರೋವಾಗ್ಲೇ ಕೊಟ್ಬುಡಾಣ ಅಂತ ತಂದೆ."

ಮುಂದಿನ ಸಲ ಹುಣಸೂರಿಗೆ ಮೂವರೂ ಹೋದೆವು. ಡಾಕ್ಟರು ನಾಡಿ, ತೂಕ ನೋಡಿ, "ಹೇಗಿದ್ದೀರಿ ಯಜಮಾನರೇ?" ಅಂದರು.

"ನಂಗೇನಾಗದೆ? ಇವ್ಳನ್ನ ನೋಡಿ. ಇವ್ಳ ಮಾತ್ರೆ ಒಂಚೂರು ಜಾಸ್ತಿ ಮಾಡಿ."

ಡಾಕ್ಟರು ಅತ್ತೆಯನ್ನು ನೋಡಿದರು. ಅತ್ತೆ ಗಂಭೀರವಾಗಿ, "ಊ ಡಾಕ್ಟ್ರೇ, ಕಿತ್ತಳೆ ಬಣ್ಣದ್ದು ಬರ್ಕೊಡಿ. ಬಿಳೀದು ಖಾರ" ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆವು. ಮಾವ ನಡುವೆ, ಆ ಕಡೆ ಅತ್ತೆ, ಈ ಕಡೆ ನಾನು. ಮದುವೆಯಾಗಿ ಬಂದಾಗಿನಿಂದ ನಾನು ಈ ಇಬ್ಬರ ಜಗಳ ಕೇಳಿದ್ದೇನೆ. ಸಾರಿಗೆ ಉಪ್ಪು ಹೆಚ್ಚಾದರೂ, ದನ ಹಗ್ಗ ಬಿಚ್ಚಿಕೊಂಡರೂ ಮಾವನ ಕೊನೆಯ ಮಾತು ಒಂದೇ: "ನಡಿ, ನಿನ್ ತೌರಿಗೋಗು." ಅತ್ತೆ ಹೋದವರಲ್ಲ, ಆ ಮಾತನ್ನು ಮರೆತವರೂ ಅಲ್ಲ.

ಮಾವ ನನ್ನ ಕಡೆ ವಾಲಿದರು. "ಈವಮ್ಮ ಯಾರ ಮನೆಯವ್ಳವ್ವ?"

"ಯಾಕೆ ಮಾವ?" ಅಂದೆ.

"ಇಷ್ಟ್ ದಿನ ಆಯ್ತು, ಅವ್ಳ ಕಡೆಯವ್ರು ಒಬ್ರೂ ಬಂದು ಕರ್ಕೊಂಡೋಗ್ಲಿಲ್ವಲ್ಲ. ಒಳ್ಳೆಯವ್ಳು ಕಣವ್ವ. ಎಲ್ಲಿಗೂ ಕಳ್ಸೋದು ಬ್ಯಾಡ. ನಮ್ಮನೇಲೇ ಇಟ್ಕೊಳಾಣ."

ಅತ್ತೆ ರಸ್ತೆ ಕಡೆ ನೋಡುತ್ತಿದ್ದರು. ಮಾವ ಆ ಕಡೆ ತಿರುಗಿ, ಹೊಸಬರನ್ನು ಮಾತಾಡಿಸುವ ನಾಚಿಕೆಯಲ್ಲಿ, "ಬತ್ತೀಯೇನವ್ವ ನಮ್ಮನೆಗೆ?" ಅಂದರು.

"ಬತ್ತೀನಿ" ಅಂದರು ಅತ್ತೆ. "ಆದ್ರೆ ಆಮೇಲೆ ತೌರಿಗೋಗು ಅಂದ್ರೆ ಮಾತ್ರ ಓಗಕಿಲ್ಲ."

ಮಾವನಿಗೆ ನಿಜವಾಗಿಯೂ ನೋವಾಯಿತು. "ಥೂ, ಅಂಥ ಮಾತ ಯಾವನಾದ್ರೂ ಅಂದಾನಾ!" ಅಂದರು.